ಅಗ್ಗದ ಸಂಗೀತ

ಅಗ್ಗವೆಂಬ ಮಾತು ಕಿವಿಗೆ ಬಿದ್ದೊಡನೆ ಗೃಹಸ್ಥನ ಕಾಲು ತಾನಾಗಿಯೇ ಅತ್ತ ತಿರುಗುವುದು. ಸಂತೆಯಲ್ಲಿ ಬದನೆಕಾಯನ್ನು ತಿರುಗಿಸಿ ನೋಡದೆ ಬುಟ್ಟಿಗೆ ಹಾಕಿಕೊಳ್ಳದ ನಾವು, ಸಂಗೀತವನ್ನು ಕೊಳ್ಳುವಾಗ ಆ ಎಚ್ಚರವನ್ನು ಮರೆತು ಮೋಸಹೋದೆವು. ನಮಗಾದುದು ವಾಚಕರಿಗೆ ಆಗದಿರಲೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ನಮ್ಮ ತೀರ್ಥರೂಪರಿಗೆ ಈಗ ಎಂಬತ್ತಾರು ವರ್ಷ. ಮೈಸೂರಿನಲ್ಲಿ ಓದುತ್ತಿದ್ದಾಗ ಸಹಪಾಠಿಯೊಬ್ಬರ ಮನೆಯ ಗ್ರಾಮಫೋನಿನಲ್ಲಿ ಕೇಳಿದ ಪಾಶ್ಚಾತ್ಯ ವಾದ್ಯಗೋಷ್ಠಿಯನ್ನು ಅವರು ಇಂದಿಗೂ ಮರೆತಿಲ್ಲ. ಆ ಸಂಗೀತವು ಅಂದಿನ ಮೈಸೂರಿಗೆ ತೀರ ಅಪರಿಚಿತವಾದುದೂ ಅಲ್ಲ. ರಷ್ಯದ ನಿಕೊಲಾಯ್ ಮೆಟ್ನರನ ಕೃತಿಗಳನ್ನು ಧ್ವನಿಮುದ್ರಿಸಲು ಧನಸಹಾಯ ಮಾಡಿದವರು ಶ್ರೀ ಜಯಚಾಮರಾಜ ಒಡೆಯರವರು. ಆತನು ತನ್ನ ಮೂರನೆಯ ಪಿಯಾನೊ ಕನ್ಚೆರ್ಟೊವನ್ನು ಅವರಿಗೇ ಅರ್ಪಿಸಿದನು. 1948ರಲ್ಲಿ ಲಂಡನ್ನಿನ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದವರೂ ಅವರೇ.

ಕಳೆದ ವರ್ಷ ಒಂದು ದಿನ ತೀರ್ಥರೂಪರು ನಮ್ಮನ್ನು ಕರೆದು, “ಕಿವಿ ದಿನೇ ದಿನೇ ಮಂದವಾಗುತ್ತಿದೆಯಪ್ಪ. ಪೂರ್ತಿ ಮುಚ್ಚುವುದರೊಳಗೆ ಡ್ವೊರ್ಜಾಕನ ಆ ‘ನವಲೋಕ’ ಸಿಂಫನಿಯನ್ನು ಒಂದು ಸಲ ಮೊದಲಿನಿಂದ ಕೊನೆಯವರೆಗೆ ಕೇಳಿಸಿಬಿಡು” ಎಂದರು. ನಾವು ಗಣಕಯಂತ್ರದ ಮುಂದೆ ಕುಳಿತು ಹುಡುಕಿದೆವು. ಒಂದು ಹೊತ್ತಿನ ಊಟದ ಬೆಲೆಗೆ ನೂರು ಮಹಾಕೃತಿಗಳ ಕಟ್ಟೊಂದು ದೊರೆಯಿತು! ಪಟ್ಟಿಯಲ್ಲಿ ಡ್ವೊರ್ಜಾಕನ ಹೆಸರೂ ಇದ್ದಿತು. ಹಿಂದುಮುಂದು ನೋಡದೆ ಕೊಂಡೆವು.

ಆ ಸಂಜೆ ತೀರ್ಥರೂಪರು ಕಣ್ಣುಮುಚ್ಚಿ ಕೇಳುತ್ತ ಕುಳಿತರು. ಸುಮಾರು ಹನ್ನೆರಡು ನಿಮಿಷವಾಗುತ್ತಲೇ ಡ್ವೊರ್ಜಾಕನು ಮುಗಿದು ಮೊಜಾರ್ಟನು ಆರಂಭವಾದನು. ಅವರು ಕಣ್ಣು ತೆರೆದು, “ಇದರ ಹಿಂದಿನದೆಲ್ಲಿ? ಮುಂದಿನದೆಲ್ಲಿ?” ಎಂದು ಕೇಳಿದರು. 1893ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲು ನುಡಿಸಲ್ಪಟ್ಟ ಆ ಕೃತಿಗೆ ನಾಲ್ಕು ಭಾಗಗಳು. ಕಾಲ ಸುಮಾರು ನಲವತ್ತು ನಿಮಿಷ. ನಮ್ಮ ಕಟ್ಟಿನಲ್ಲಿದ್ದುದು ಎರಡನೆಯ ಭಾಗವೊಂದೇ. ಮದುವೆಗೆ ಕರೆದು ಧಾರೆಯ ಹೊತ್ತನ್ನಷ್ಟೇ ತೋರಿಸಿ ಕಳುಹಿಸಿದಂತಾಯಿತು. ನುಡಿಸಿದವರು ಯಾರೆಂಬುದೂ ಬರೆದಿರಲಿಲ್ಲ. “ಅಗ್ಗವೆಂದು ಮುಗ್ಗಲು ಜೋಳ ತಂದಿರಿ” ಎಂದು ಮನೆಯಾಕೆ ನಕ್ಕರು. ನಮಗೆ ನಗು ಬರಲಿಲ್ಲ.

ಅಂದಿನಿಂದ ಕೊಳ್ಳುವ ಮುನ್ನ ನಾವು ನಾಲ್ಕು ವಿಷಯಗಳನ್ನು ನೋಡುತ್ತೇವೆ. ಮೊದಲನೆಯದು, ಕೃತಿ ಪೂರ್ಣವಾಗಿದೆಯೇ ಎಂಬುದು. ಭಾಗಗಳ ಸಂಖ್ಯೆಯನ್ನೂ ಕಾಲವನ್ನೂ ಪಟ್ಟಿಯಲ್ಲಿ ಕೂಡಿ ನೋಡಿದರೆ ಗುಟ್ಟು ಬಯಲಾಗುವುದು. ಎರಡನೆಯದು, ವಾದ್ಯವೃಂದ, ನಿರ್ದೇಶಕ, ವರ್ಷ, ಇವುಗಳ ಉಲ್ಲೇಖ. ಊರು ಹೆಸರಿಲ್ಲದ ಸರಕನ್ನು ಮುಟ್ಟಬಾರದು. ಮೂರನೆಯದು, ಬೆಲೆಯ ಲೆಕ್ಕ. ಬಿಡಿ ತುಣುಕಿಗೆ ಇಷ್ಟೆಂದು ಮಾರುವ ಕಡೆ ನಲವತ್ತು ನಿಮಿಷದ ಸಿಂಫನಿಗೆ ನಾಲ್ಕು ತುಣುಕಿನ ಬೆಲೆ ಸಾಕು. ಬಾಖನ ಗೋಲ್ಡ್‌ಬರ್ಗ್ ವೇರಿಯೇಷನ್ಸಿಗೆ ಮೂವತ್ತೆರಡು ತುಣುಕುಗಳಾದುದರಿಂದ ಅದನ್ನು ಇಡಿಯಾಗಿ ಕೊಳ್ಳುವುದು ಲೇಸು. ನಾಲ್ಕನೆಯದು, ಧ್ವನಿಯ ಗುಣ. ಸಿ.ಡಿ.ಯು ನಾದವನ್ನು ಸೆಕೆಂಡಿಗೆ 44,100 ಬಾರಿ ಅಳೆದು ದಾಖಲಿಸುವುದು. ಎಂಪಿ3 ಎಂಬ ಕ್ರಮವು ಅದರಲ್ಲಿ ಕೆಲಭಾಗವನ್ನು ತೊರೆದು ಗಾತ್ರವನ್ನು ಕುಗ್ಗಿಸುವುದು. ಫ್ಲ್ಯಾಕ್ ಎಂಬುದು ಏನನ್ನೂ ಕಳೆಯದೆ ಮಡಿಸಿಡುವುದು. ಒಂದೇ ಬೆಲೆಯಾದರೆ ಎರಡನೆಯದೇ ಮೇಲು.

ಹಣವನ್ನೇ ಕೊಡದೆ ನ್ಯಾಯವಾಗಿ ದೊರೆಯುವುದೂ ಉಂಟು. ಕಿಮಿಕೊ ಇಶಿಜಾಕಾ ಎಂಬ ಪಿಯಾನೊ ವಿದುಷಿಯು ನುಡಿಸಿದ ಗೋಲ್ಡ್‌ಬರ್ಗ್ ಕೃತಿಯನ್ನು 2012ರಲ್ಲಿ ಲೋಕಕ್ಕೇ ದಾನವಾಗಿ ಬಿಟ್ಟುಕೊಟ್ಟರು. ಅದಕ್ಕೆ ತಗಲಿದ ವೆಚ್ಚವನ್ನು ಅಭಿಮಾನಿಗಳು ಮೊದಲೇ ಕೂಡಿಸಿ ಕೊಟ್ಟಿದ್ದರು. ನಮ್ಮ ದೇಶದಲ್ಲಿ 1957ರ ಕಾಯಿದೆಯಂತೆ ಧ್ವನಿಮುದ್ರಿಕೆಯ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷಗಳಿಗೆ ತೀರುವುದು.

ನಮ್ಮ ಚಿರಂಜೀವಿಗೆ ಜಾಜ್ ಎಂದರೆ ಪ್ರಾಣ. ಕಿಂಗ್ ಆಲಿವರನು 1923ರಲ್ಲಿ ತರುಣ ಲೂಯಿ ಆರ್ಮ್‌ಸ್ಟ್ರಾಂಗನನ್ನು ಜೊತೆಗಿಟ್ಟುಕೊಂಡು ನುಡಿಸಿದ ಪ್ಲೇಟುಗಳು ಅಮೆರಿಕದ ಕಾನೂನಿನಂತೆ 2024ರ ಜನವರಿ 1ರಂದು ಸರ್ವರ ಸ್ವತ್ತಾದುವೆಂದು ನಮಗೆ ತಿಳಿಸಿದವನು ಅವನೇ. ಯೂರೋಪಿನಲ್ಲಿ 1962ರವರೆಗೆ ಹೊರಬಂದ ಧ್ವನಿಮುದ್ರಿಕೆಗಳ ಹಕ್ಕು ತೀರಿರುವುದರಿಂದ, ಆ ಕಾಲದ ಏಳೆಂಟು ಜಾಜ್ ಸಂಪುಟಗಳನ್ನು ಒಂದೇ ಕಟ್ಟಿನಲ್ಲಿ ಅಲ್ಪ ಬೆಲೆಗೆ ಮಾರುವರು. ಇವುಗಳಲ್ಲಿ ಕೆಲವು ಹಳೆಯ ಪ್ಲೇಟುಗಳಿಂದ ಇಳಿಸಿಕೊಂಡುವಾದುದರಿಂದ ಮಾದರಿಯನ್ನು ಕೇಳಿ ಕೊಳ್ಳಬೇಕು. ಒಂದೇ ಹಾಡು ಎರಡು ಕಟ್ಟುಗಳಲ್ಲಿ ಬಾರದಂತೆಯೂ ನೋಡಿಕೊಳ್ಳಬೇಕು. ಬದುಕಿರುವ ಕಲಾವಿದರ ವಿಷಯದಲ್ಲಿ ಮಾತ್ರ ನಾವು ಚೌಕಾಸಿ ಮಾಡುವುದಿಲ್ಲ. ಸತ್ತವನಿಗೆ ನಮ್ಮ ಹಣ ಬೇಡ. ಇರುವವನಿಗೆ ಅದರಿಂದಲೇ ಅಕ್ಕಿ ಬರಬೇಕು.

ಕೊನೆಗೆ ಡ್ವೊರ್ಜಾಕನ ಸಿಂಫನಿಯನ್ನು ಪೂರ್ಣವಾಗಿ, ನುಡಿಸಿದವರ ಹೆಸರು ತಿಳಿದು, ನಾಲ್ಕು ತುಣುಕಿನ ಬೆಲೆಗೆ ತಂದೆವು. ನೂರು ಕೃತಿಗಳ ಕಟ್ಟಿಗಿಂತ ಅದು ಅಗ್ಗವಾಯಿತೆಂದರೆ ವಾಚಕರು ನಗಬಹುದು. ತೀರ್ಥರೂಪರು ಕಿವಿಗೆ ಯಂತ್ರವನ್ನು ತಗುಲಿಸಿಕೊಂಡು, ಮಂಚದ ಅಂಚಿನಲ್ಲಿ ಬೆರಳಿನಿಂದ ತಾಳ ಹಾಕುತ್ತ ನಲವತ್ತು ನಿಮಿಷವೂ ಅಲುಗದೆ ಕುಳಿತರು. ಆ ಕೃತಿಯ ಕೊನೆಯ ನಾದವು ಒಮ್ಮೆಗೇ ನಿಲ್ಲುವುದಿಲ್ಲ. ಕ್ರಮವಾಗಿ ಸಣ್ಣದಾಗುತ್ತ ಅಡಗುವುದು. ಅದು ಅಡಗಿದ ಮೇಲೂ ಅವರ ಬೆರಳು ಸ್ವಲ್ಪ ಹೊತ್ತು ಆಡುತ್ತಲೇ ಇದ್ದಿತು. ಎಲ್ಲಿಯವರೆಗೆ ಕೇಳಿಸಿತೆಂದು ನಾವು ಕೇಳಲಿಲ್ಲ. ಅವರೇ ಕಣ್ಣು ತೆರೆದು, “ಪೂರ್ತಿಯಾಯಿತಪ್ಪ” ಎಂದರು.