ಕಲ್ಲಿನಲ್ಲಿ ಉಳಿದ ಉಡುಗೆ

ಶಿವಮೊಗ್ಗೆಯಲ್ಲಿ, ತುಂಗೆಯ ದಡಕ್ಕೆ ಸಮೀಪವಾಗಿ, ಬೀಟೆಮರದ ಕಂಬಗಳ ಮೇಲೆ ನಿಂತ ಹಳೆಯ ಕಟ್ಟಡವೊಂದಿದೆ. ಊರಿನವರಿಗೆ ಅದು ಶಿವಪ್ಪನಾಯಕನ ಅರಮನೆ. 1645ರಿಂದ 1660ರವರೆಗೆ ಕೆಳದಿಯ ಸಿಂಹಾಸನದಲ್ಲಿದ್ದ ಆ ದೊರೆಯ ಕಾಲಕ್ಕಿಂತ ಈಗಿನ ಕಟ್ಟಡವು ಈಚಿನದು, ಹೈದರಾಲಿಯ ಕಾಲದ್ದು ಎಂಬ ಮತವೂ ಉಂಟು. ಕಟ್ಟಿಸಿದವರು ಯಾರೇ ಆಗಿರಲಿ, ಜನರ ಬಾಯಲ್ಲಿ ಅದು ಶಿವಪ್ಪನಾಯಕನಿಗೇ ಸಂದುಹೋಗಿದೆ. ಈಗ ಅದೊಂದು ಸರ್ಕಾರಿ ವಸ್ತುಸಂಗ್ರಹಾಲಯ.

ಅರಮನೆಯೆಂದೊಡನೆ ಪ್ರೇಕ್ಷಕನ ಮನಸ್ಸು ಜರತಾರಿ ನಿಲುವಂಗಿಯನ್ನೂ ರೇಶಿಮೆಯ ರುಮಾಲನ್ನೂ ನೆನೆಯುವುದು ಸಹಜ. ಮೈಸೂರಿನ ಅರಮನೆಯಲ್ಲಿ ಒಡೆಯರ ಮನೆತನದ ಉಡುಪುಗಳನ್ನು ಕಂಡುಬಂದವರಂತೂ ಇಲ್ಲಿಯೂ ಅದನ್ನೇ ಅರಸುತ್ತಾರೆ. ಆದರೆ ಇಲ್ಲಿ ಎದುರುಗೊಳ್ಳುವುದು ಕಲ್ಲು: ಶಾಸನಗಳು, ಭಗ್ನವಿಗ್ರಹಗಳು, ವೀರಗಲ್ಲುಗಳು, ಮಾಸ್ತಿಕಲ್ಲುಗಳು. ಬಂದವರಲ್ಲಿ ಹಲವರು ಒಂದು ಸುತ್ತು ಹಾಕಿ, ಅಂಗಳದ ನೆರಳಿನಲ್ಲಿ ತುಸು ಕುಳಿತು ಹೊರಟುಬಿಡುತ್ತಾರೆ.

ಕೆಳದಿಯರಸರ ಬಟ್ಟೆಬರೆಗಳು ಏನಾದುವು? 1763ರಲ್ಲಿ ಹೈದರನ ಸೈನ್ಯವು ಬಿದನೂರನ್ನು ಹೊಕ್ಕಾಗ ರಾಣಿ ವೀರಮ್ಮಾಜಿ ಅರಮನೆಗೆ ಬೆಂಕಿಯಿಕ್ಕಿಸಿ ಬಲ್ಲಾಳರಾಯನ ದುರ್ಗಕ್ಕೆ ಪಾರಾದಳು. ಹೈದರನು ಉರಿಯನ್ನು ನಂದಿಸಿ, ಸಿರಿವಂತರ ಮನೆಬಾಗಿಲುಗಳಿಗೆಲ್ಲ ಮುದ್ರೆ ಹಾಕಿಸಿದನೆಂದು ವಿಲ್ಕ್ಸನ ಚರಿತ್ರೆ ಹೇಳುತ್ತದೆ. ಬೆಂಕಿಗೂ ಲೂಟಿಗೂ ಸಿಕ್ಕದೆ ಉಳಿದ ಬಟ್ಟೆ ಯಾವುದಾದರೂ ಇದ್ದರೆ ಅದನ್ನು ಮಲೆನಾಡಿನ ಮಳೆ ಬಿಡುವಂತಿಲ್ಲ. ಪೆಟ್ಟಿಗೆಯಲ್ಲಿ ಮಡಿಸಿಟ್ಟ ರೇಶಿಮೆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ, ಬೂಷ್ಟು ಹತ್ತುತ್ತದೆ, ಬೆಳ್ಳಿಯ ಎಳೆ ಕಪ್ಪಾಗುತ್ತದೆ. ಹೊರತೆಗೆದು ತೂಗುಹಾಕಿದರೆ ಬೆಳಕೇ ಅದರ ಬಣ್ಣವನ್ನು ತಿನ್ನುತ್ತದೆ. ಹಾಗೂ ಉಳಿದ ಜರತಾರಿಯನ್ನು ಬೆಳ್ಳಿಬಂಗಾರದ ಆಸೆಗಾಗಿ ಕರಗಿಸುವುದು ಮನೆಮನೆಯ ಪದ್ಧತಿಯಾಗಿತ್ತು. ಬಟ್ಟೆಯಷ್ಟು ಅಲ್ಪಾಯುಷ್ಯದ ಐಶ್ವರ್ಯ ಅರಸರ ಮನೆಯಲ್ಲಿ ಮತ್ತೊಂದಿರಲಿಲ್ಲ.

ಆದ್ದರಿಂದ ಈ ಸೀಮೆಯಲ್ಲಿ ರಾಜೋಚಿತವಾದ ಉಡುಗೆಯನ್ನು ನೋಡಬೇಕೆಂಬವನು ಕಲ್ಲಿನಲ್ಲಿಯೇ ನೋಡಬೇಕು. ಅದಕ್ಕೆ ಭದ್ರಾವತಿ ತಕ್ಕ ಸ್ಥಳ. ಸುಮಾರು 20 ಕಿಲೋಮೀಟರಿನ ಹಾದಿ. ಅದರ ಹಿಂದಿನ ಹೆಸರು ಬೆಂಕಿಪುರ. ಕಬ್ಬಿಣದ ಕಾರ್ಖಾನೆಯ ಕುಲುಮೆ 1923ರಲ್ಲಿ ಹೊತ್ತಿಕೊಳ್ಳುವ ಮುಂಚೆಯೇ ಊರಿಗೆ ಆ ಹೆಸರಿತ್ತೆಂಬುದು ಸ್ವಾರಸ್ಯದ ಸಂಗತಿ. ಹಳೆಯ ಊರಿನ ಲಕ್ಷ್ಮೀನರಸಿಂಹ ದೇವಾಲಯವು 13ನೆಯ ಶತಮಾನದ ಹೊಯ್ಸಳ ತ್ರಿಕೂಟ. ಅಗೆದಾಗ ಮೃದುವಾಗಿದ್ದು ಗಾಳಿ ತಗುಲಿದಂತೆ ಗಟ್ಟಿಯಾಗುವ ಬಳಪದ ಕಲ್ಲಿನಲ್ಲಿ ಹೊಯ್ಸಳ ಶಿಲ್ಪಿಗಳು ಅಕ್ಕಸಾಲಿಯ ತಾಳ್ಮೆಯಿಂದ ಕಿರೀಟ, ಕಂಠಿ, ತೋಳಬಂದಿ, ನಡುಪಟ್ಟಿ, ತೊಡೆಯ ಮೇಲೆ ಇಳಿಬಿದ್ದ ಮುತ್ತಿನ ಸರಗಳನ್ನು ಕಂಡರಿಸಿದ್ದಾರೆ. ಬಟ್ಟೆಯಾದರೋ ಕಣಕಾಲಿನ ಬಳಿಯ ಒಂದೆರಡು ಗೆರೆಗಳಿಂದಷ್ಟೇ ತಿಳಿಯಬೇಕು, ಅಷ್ಟು ತೆಳುವು. ಅಕ್ಕಸಾಲಿಯ ಕೆಲಸ ಇಷ್ಟೊಂದು, ಸಿಂಪಿಗನ ಕೆಲಸ ಮಾತ್ರ ಇಲ್ಲವೇ ಇಲ್ಲ. ಹೊಲಿದ ನೀಳ ಕಬಾಯಿಯೂ ತಲೆಗೆ ಕುಲ್ಲಾಯಿಯೂ ಆಸ್ಥಾನದ ಮರ್ಯಾದೆಯ ಉಡುಪಾದುದು ಅನಂತರ, ವಿಜಯನಗರದ ಕಾಲದಲ್ಲಿ.

ಆದರೆ ಇದು ದೇವತೆಗಳ ಶೃಂಗಾರ. ಬದುಕಿದ್ದ ಅರಸರೂ ಅರಸಿಯರೂ ದಿನವೂ ಹೀಗೆಯೇ ಇದ್ದರೇ? 1623ರಲ್ಲಿ ರೋಮಿನ ಪ್ರವಾಸಿಗ ಪಿಯೆತ್ರೊ ದೆಲ್ಲ ವಲ್ಲೆ ಕೆಳದಿಯ ವೆಂಕಟಪ್ಪನಾಯಕನ ರಾಜಧಾನಿಯಾದ ಇಕ್ಕೇರಿಗೆ ಬಂದಿದ್ದನು. ಅದೇ ಪ್ರವಾಸದಲ್ಲಿ ಮಂಗಳೂರಿನ ಕಡೆ, ವೆಂಕಟಪ್ಪನಾಯಕನ ಮಿತ್ರಳಾಗಿದ್ದ ಉಳ್ಳಾಲದ ರಾಣಿಯನ್ನು ದಾರಿಯಲ್ಲಿ ಕಂಡನು. ಆಕೆ ಹೊಲಗಳ ಕಾಲುವೆ ತೋಡಿಸುವುದನ್ನು ನೋಡಲು ಬರಿಗಾಲಿನಲ್ಲಿ ಹೊರಟಿದ್ದಳು. ಸೊಂಟದ ಕೆಳಗೆ ಒರಟು ಹತ್ತಿಯ ಬಟ್ಟೆ, ಬಿಸಿಲಿಗೆ ತಲೆಯ ಮೇಲೊಂದು ಸೆರಗು, ಅಷ್ಟೆ. ಅಡಿಗೆಮನೆಯ ಆಳೆಂದು ಕಂಡವಳು ಮಾತನಾಡತೊಡಗಿದೊಡನೆ ರಾಣಿಯೆಂಬುದು ಆತನಿಗೆ ತಿಳಿಯಿತು. ಆ ಬಟ್ಟೆಯನ್ನು ಯಾವ ವಸ್ತುಸಂಗ್ರಹಾಲಯ ತಾನೆ ಕಾದಿರಿಸೀತು!

ಇಕ್ಕೇರಿಯಲ್ಲಿ ಆತನು ಕಂಡ ಇನ್ನೊಬ್ಬ ಹೆಂಗಸು ಅರಸಿಯಲ್ಲ, ಸತ್ತುಹೋದ ನಗಾರಿಯವನೊಬ್ಬನ ಹೆಂಡತಿ. ಸಹಗಮನಕ್ಕೆ ನಿಶ್ಚಯಿಸಿ, ಮುಖ ಮರೆಮಾಡದೆ, ಕುದುರೆಯ ಮೇಲೆ ಊರಿನಲ್ಲಿ ಸಾಗುತ್ತಿದ್ದಳು. ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ನಿಂಬೆಹಣ್ಣು. ನಿಂಬೆಹಣ್ಣು ಏತಕ್ಕೋ ಆತನಿಗೆ ಅರ್ಥವಾಗಲಿಲ್ಲ. ಮುಂದೆ ಆಕೆಯ ಮನೆಗೇ ಹೋಗಿ ಮಾತನಾಡಿಸಿದನು; ಚಿಕ್ಕ ಮಕ್ಕಳಿದ್ದಾರೆಂದು ನೆನಪಿಸಿ ತಡೆಯಲು ನೋಡಿದನು; ಆಕೆ ಒಪ್ಪದಿರಲು, ತನ್ನ ಲೇಖನಿಗೆ ಸಾಧ್ಯವಾದಷ್ಟು ಆಕೆಯ ಹೆಸರು ಉಳಿಯುವಂತೆ ಮಾಡುವೆನೆಂದು ಮಾತುಕೊಟ್ಟನು. ಇಟಲಿಯ ಅಕ್ಷರಗಳಲ್ಲಿ ಆತನು ಬರೆದಿಟ್ಟ ಹೆಸರು ಜಕ್ಕಮ್ಮ ಎಂದಾಗುತ್ತದೆ.

ಶಿವಮೊಗ್ಗೆಯ ಅರಮನೆಗೆ ಮರಳಿ ಬಂದವನಿಗೆ ಅಲ್ಲಿಯ ಕಲ್ಲುಗಳು ಆಗ ಬೇರೆಯಾಗಿ ಕಾಣತೊಡಗುತ್ತವೆ. ವೀರಗಲ್ಲಿನ ಕೆಳಪಟ್ಟಿಯಲ್ಲಿ ಕಾದುತ್ತಿರುವ ಆಳು ಕಚ್ಚೆಯನ್ನು ಬಿಗಿದು ಸೊಂಟಕ್ಕೆ ಬಾಕು ಸಿಕ್ಕಿಸಿಕೊಂಡಿದ್ದಾನೆ. ಮಾಸ್ತಿಕಲ್ಲಿನಲ್ಲಿ ಕಂಬದಿಂದ ಚಾಚಿ ಮೊಣಕೈಯಲ್ಲಿ ಮಡಿಸಿ ಮೇಲೆತ್ತಿದ ಒಂದು ತೋಳು. ಮುತ್ತೈದೆಯಾಗಿಯೇ ಹೋದಳೆಂಬುದಕ್ಕೆ ಮುಂಗೈ ತುಂಬ ಬಳೆಗಳು, ಬೆರಳುಗಳ ನಡುವೆ ದುಂಡಗೆ ಒಂದು ನಿಂಬೆಹಣ್ಣು.