ಆ 16 ಬೈಟ್ ಎಲ್ಲಿಂದ ಬಂತು?

ಡೇಟಾಶೀಟ್ ಅಂದ್ರೆ ನಮಗೆಲ್ಲ ವೇದವಾಕ್ಯ. ಬ್ರೆಡ್‌ಬೋರ್ಡ್ ಮೇಲೆ ಎಲ್‌ಇಡಿ ಉರೀಲಿಲ್ಲ ಅಂದ್ರೆ ತಪ್ಪು ನಮ್ಮದೇ, ಡೇಟಾಶೀಟ್‌ದು ಅಂತೂ ಅಲ್ಲ. ಮೊದಲ ವರ್ಷವೆಲ್ಲ ಇದೇ ನಂಬಿಕೆಯಲ್ಲಿ ಕಳೆದ್ವಿ. ಈ ಸೆಮಿಸ್ಟರ್‌ನಲ್ಲಿ ನಾವು ಮೂವರು ಸೇರಿ ಒಂದು ಪುಟ್ಟ ಆಪರೇಟಿಂಗ್ ಸಿಸ್ಟಮ್‌ಗೆ ನೆಟ್‌ವರ್ಕ್ ಡ್ರೈವರ್ ಬರೆಯೋಕೆ ಕೂತ ಮೇಲೆ ಆ ನಂಬಿಕೆ ಅಲ್ಲಾಡಿತು.

ನಾವು ಆರಿಸಿಕೊಂಡಿದ್ದು ಒಂದು ಹಳೇ ಕಾಲದ, ಅಗ್ಗದ ಈಥರ್ನೆಟ್ ಕಾರ್ಡ್. ಹೆಸರು ಬೇಡ. ಕ್ಯೂಇಎಂಯು ಎಮ್ಯುಲೇಟರ್‌ನಲ್ಲೇ ಅದು ಸಿಗತ್ತೆ, ಹಾಗಾಗಿ ಕಾರ್ಡ್ ಹುಡುಕ್ಕೊಂಡು ಎಸ್‌ಪಿ ರೋಡ್ ಸುತ್ತೋ ಕೆಲಸ ಇರಲಿಲ್ಲ.

ಅದು ಪ್ಯಾಕೆಟ್ ತಗೊಳ್ಳೋ ರೀತಿ ಕೇಳೋಕೆ ಸುಲಭ. ನಾವು ಮೆಮೊರಿಯಲ್ಲಿ 8 ಕಿಲೋಬೈಟ್‌ನ ಒಂದು ಬಫರ್ ಕೊಡ್ತೀವಿ. ಬಂದ ಪ್ಯಾಕೆಟ್‌ಗಳನ್ನ ಕಾರ್ಡ್ ಅದರಲ್ಲಿ ಒಂದರ ಹಿಂದೆ ಒಂದು ತುಂಬುತ್ತಾ ಹೋಗತ್ತೆ, ಕೊನೆ ಮುಟ್ಟಿದ್ರೆ ಮತ್ತೆ ಮೊದಲಿಂದ. ಓದಿ ಮುಗಿಸಿದ ಮೇಲೆ "ಇಲ್ಲಿವರೆಗೆ ಓದಿದ್ದೀವಿ, ಈ ಜಾಗ ಖಾಲಿ" ಅಂತ ನಾವು ಒಂದು ರಿಜಿಸ್ಟರ್‌ನಲ್ಲಿ ಬರೀಬೇಕು. ಮೆಸ್‌ನಲ್ಲಿ ಉಂಡವರು ತಟ್ಟೆ ಎತ್ತಿದ್ರೆ ತಾನೆ ಮುಂದಿನವರು ಕೂರೋದು, ಹಾಗೆ.

ಡೇಟಾಶೀಟ್‌ನ ಪಟ್ಟಿಯಲ್ಲಿ ಆ ರಿಜಿಸ್ಟರ್‌ಗೆ ಸಿಕ್ಕಿರೋದು ಒಂದು ಹೆಸರು, ಒಂದು ಆರಂಭದ ಬೆಲೆ, ಅಷ್ಟೇ. ಹೆಸರು ಹೇಳೋ ಹಾಗೆ ಎಲ್ಲಿವರೆಗೆ ಓದಿದ್ವೋ ಆ ಜಾಗವನ್ನ ಬರೆದ್ವಿ. ಮೊದಲ ಪ್ಯಾಕೆಟ್ ಬಂತು, ನಮ್ಮ ಎಆರ್‌ಪಿ ಪ್ರಶ್ನೆಗೆ ಉತ್ತರ. ಕುಣಿದಾಡಿದ್ವಿ. ಆದ್ರೆ ಅದರ ಹಿಂದೆ ಬರಬೇಕಿದ್ದ ಪಿಂಗ್ ಉತ್ತರ ಬರಲೇ ಇಲ್ಲ.

ಮೂರು ಸಂಜೆ ಅದರಲ್ಲೇ ಹೋಯ್ತು. ಹಾವೇರಿ ಕಡೆಯ ನಮ್ಮ ಗೆಳೆಯ ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಮ್‌ನಲ್ಲಿ ಓದಿದವನು. ಆ ಪುಟವನ್ನ ಮತ್ತೆ ಮತ್ತೆ ಓದಿ ಕೊನೆಗೆ, "ನನಗ ಈ ಇಂಗ್ಲಿಷ್ ತಿಳಿವಲ್ದು ಕಾಣ್ತೈತಿ, ನೀವೊಮ್ಮೆ ಓದ್ರಪಾ" ಅಂದ. ಎಲ್‌ಕೆಜಿಯಿಂದ ಇಂಗ್ಲಿಷ್‌ನಲ್ಲೇ ಕಲಿತ ಉಳಿದಿಬ್ಬರು ಓದಿದ್ವಿ. ನಮಗೂ ಏನೂ ಹೊಳೀಲಿಲ್ಲ.

ಆಮೇಲೆ ಲಿನಕ್ಸ್‌ನ ಡ್ರೈವರ್ ಕೋಡ್ ತೆಗೆದು ನೋಡಿದ್ವಿ. ಆ ರಿಜಿಸ್ಟರ್‌ಗೆ ಬರೆಯೋ ಸಾಲಿನಲ್ಲಿ ಒಂದು ಸಣ್ಣ ಲೆಕ್ಕ ಇತ್ತು: ಓದಿದ ಜಾಗ ಮೈನಸ್ 16. ಯಾಕೆ 16? ಪಕ್ಕದಲ್ಲಿ ಒಂದು ಮಾತಿಲ್ಲ. ನಾವೂ 16 ಕಳೆದ್ವಿ. ಪಿಂಗ್ ಉತ್ತರಗಳು ಸಾಲಾಗಿ ಬಂದ್ವು!

ಕೆಲಸ ಆಯ್ತು ಅಂತ ಬಿಡೋಕೆ ಮನಸ್ಸು ಬರಲಿಲ್ಲ. ಕ್ಯೂಇಎಂಯು ಕೋಡನ್ನೂ ತೆರೆದ್ವಿ. ಅಲ್ಲಿ ನಾವು ಬರೆದ ಬೆಲೆಗೆ 16 ಕೂಡಿಸಿ ಇಟ್ಟುಕೊಳ್ತಾರೆ. ಈಗ ರೋಗ ಅರ್ಥ ಆಯ್ತು. ನಾವು 16 ಕಳೆಯದೇ ಬರೆದಾಗ ಕಾರ್ಡ್‌ನ ಲೆಕ್ಕ 16 ಬೈಟ್ ಮುಂದೆ ಹೋಗತ್ತೆ. ಬಫರ್ ಪೂರ್ತಿ ಖಾಲಿ ಇದ್ರೂ, ಉಳಿದಿರೋದು 16 ಬೈಟ್ ಜಾಗ ಮಾತ್ರ ಅಂದ್ಕೊಳತ್ತೆ. ಈಥರ್ನೆಟ್‌ನಲ್ಲಿ ಅತಿ ಚಿಕ್ಕ ಫ್ರೇಮೇ 64 ಬೈಟ್. ಇನ್ನೆಲ್ಲಿ ಹಿಡಿಸತ್ತೆ?

ತಮಾಷೆ ನೋಡಿ, ಡೇಟಾಶೀಟ್‌ನಲ್ಲಿ ಸುಳಿವು ಇತ್ತು. ಆರಂಭದ ಬೆಲೆ ಅಂತ ಕೊಟ್ಟಿದ್ದ ಹೆಕ್ಸ್ ಸಂಖ್ಯೆ ಎಫ್‌ಎಫ್‌ಎಫ್0. ಅದನ್ನ 16 ಬಿಟ್‌ನ ಸೈನ್ಡ್ ಸಂಖ್ಯೆಯಾಗಿ ಓದಿದ್ರೆ ಮೈನಸ್ 16. ಅಂದ್ರೆ ಸೊನ್ನೆಯಿಂದ 16 ಕಳೆದೇ ಕಾರ್ಡ್ ಲೆಕ್ಕ ಶುರು ಮಾಡತ್ತೆ. ಉತ್ತರ ಕಣ್ಣೆದುರಿಗೇ ಇತ್ತು, ಅದು ಉತ್ತರ ಅಂತ ಹೇಳೋ ವಾಕ್ಯ ಮಾತ್ರ ಇರಲಿಲ್ಲ. ಗೆಳೆಯನ ಇಂಗ್ಲಿಷ್‌ಗೆ ಏನೂ ಆಗಿರಲಿಲ್ಲ. ಬರೆಯದೇ ಬಿಟ್ಟ ವಾಕ್ಯವನ್ನ ಯಾವ ಮೀಡಿಯಮ್‌ನವರು ಓದಿದ್ರೂ ಅರ್ಥ ಆಗಲ್ಲ.

ಡೇಟಾಶೀಟ್ ಸಿಕ್ಕಿದ್ದೇ ನಮ್ಮ ಪುಣ್ಯ ಅಂತಲೂ ಆಮೇಲೆ ಅನ್ನಿಸ್ತು. ಎನ್‌ವಿಡಿಯಾದ ಎನ್‌ಫೋರ್ಸ್ ಚಿಪ್‌ಸೆಟ್‌ನ ಈಥರ್ನೆಟ್‌ಗೆ 2003ರ ಸುಮಾರಿಗೆ ಲಿನಕ್ಸ್‌ನವರ ಕೈಯಲ್ಲಿ ದಾಖಲೆಯೇ ಇರಲಿಲ್ಲ. ಹೊರಗಿನವರೇ ಚಿಪ್‌ನ ನಡವಳಿಕೆ ಪತ್ತೆ ಮಾಡಿ ದಾಖಲೆ ಬರೆದ್ರು, ಅದನ್ನ ಇಟ್ಕೊಂಡು 'ಫೋರ್ಸ್‌ಡೆತ್' ಅನ್ನೋ ಡ್ರೈವರ್ ಹುಟ್ಟಿತು. ಇನ್ನೊಂದು ಕಡೆ ಇಂಟೆಲ್ ತನ್ನ ನೆಟ್‌ವರ್ಕ್ ಚಿಪ್‌ಗಳಿಗೆ 'ಸ್ಪೆಸಿಫಿಕೇಶನ್ ಅಪ್‌ಡೇಟ್' ಅಂತ ಬೇರೆ ದಾಖಲೆಯನ್ನೇ ಕೊಡತ್ತೆ. ಚಿಪ್‌ನಲ್ಲಿ ಗೊತ್ತಿರೋ ದೋಷ ಯಾವುದು, ಅದನ್ನ ದಾಟೋದು ಹೇಗೆ ಅಂತ ಅದರಲ್ಲಿ ಪಟ್ಟಿ ಇರತ್ತೆ. ಎಲ್ಲಿ ಎಡವಬಹುದು ಅಂತ ತಾನೇ ಹೇಳೋ ದಾಖಲೆ ಮೇಲೆ ನಮಗೆ ಹೆಚ್ಚು ನಂಬಿಕೆ ಹುಟ್ಟಿತು.

ಮಿನಿ ಪ್ರಾಜೆಕ್ಟ್‌ಗೆ ಇಂಥ ಕೆಲಸ ಹಿಡಿಯೋರಿಗೆ ನಮ್ಮ ಮಾತು ಇಷ್ಟೇ. ಡೇಟಾಶೀಟ್ ಓದಿ, ಆದ್ರೆ ಜೊತೆಗೆ ಕೆಲಸ ಮಾಡ್ತಿರೋ ಎರಡು ಡ್ರೈವರ್‌ಗಳನ್ನಾದ್ರೂ ತೆರೆದಿಟ್ಕೊಳ್ಳಿ. ಮೂರೂ ಒಂದೇ ಮಾತು ಹೇಳದಿದ್ರೆ ಅಲ್ಲೇ ನಿಲ್ಲಿ. ಆರಂಭದ ಬೆಲೆ ವಿಚಿತ್ರವಾಗಿ ಕಂಡ್ರೆ ಸುಮ್ಮನೆ ದಾಟಬೇಡಿ. ಮುಖ್ಯವಾಗಿ, ಕಾರಣ ಸಿಕ್ಕಿದಾಗ ಕಾಮೆಂಟ್‌ನಲ್ಲಿ ಬರೆದಿಡಿ. ಮೈನಸ್ 16ರ ಪಕ್ಕದಲ್ಲಿ ಯಾರೋ ಎರಡು ಸಾಲು ಬರೆದಿದ್ರೆ ನಮ್ಮ ಮೂರು ಸಂಜೆ ಉಳೀತಿತ್ತು.

ನಮ್ಮ ಕೋಡ್‌ನಲ್ಲಿ ಆ ಎರಡು ಸಾಲು ಈಗ ಇದೆ, ಇಂಗ್ಲಿಷ್‌ನಲ್ಲೂ ಕನ್ನಡದಲ್ಲೂ. ಕನ್ನಡದ್ದನ್ನ ಬರೆದವನು ಹಾವೇರಿಯ ಗೆಳೆಯ. ಅವನದೇ ಹೆಚ್ಚು ಸ್ಪಷ್ಟವಾಗಿದೆ.