ನಂಗಲಿ ದಾಟುವ ತನಕ

1986ರ ಡಿಸೆಂಬರಿನಲ್ಲಿ ನಾವು ಏಳು ಜನ ಕೋಲಾರದಿಂದ ತಿರುಪತಿಗೆ ನಡೆದೆವು. ಹರಕೆ ಇದ್ದದ್ದು ದೊಡ್ಡಪ್ಪ ಒಬ್ಬರಿಗೇ. ಉಳಿದವರು ಡಿಗ್ರಿ ಮುಗಿಸಿ ಕೆಲಸವಿಲ್ಲದೆ ಕೂತವರು. ಐದು ದಿನ ಮನೆ ಬಿಟ್ಟಿರಲು ತಿಮ್ಮಪ್ಪನಿಗಿಂತ ಒಳ್ಳೆಯ ನೆಪ ಸಿಗುತ್ತಿರಲಿಲ್ಲ. ದೂರ ಸುಮಾರು 180 ಕಿಲೋಮೀಟರು. ಇಂಥದ್ದನ್ನು ಈಗ ದುಡ್ಡು ಕೊಟ್ಟು ಮಾಡುವವರಿದ್ದಾರೆ. ಇಂಗ್ಲೆಂಡಿನಲ್ಲಿ ರಜೆ ಹಾಕಿ ಊರಿಂದೂರಿಗೆ ನಡೆಯುವವರ ಬ್ಯಾಗುಗಳನ್ನು ಕಂಪನಿಯವರು ವ್ಯಾನಿನಲ್ಲಿ ಮುಂದಿನ ವಸತಿಗೆ ಮುಟ್ಟಿಸುತ್ತಾರೆ. ನಗಬೇಕಿಲ್ಲ, ಅಲಿಪಿರಿಯಲ್ಲಿ ಮೆಟ್ಟಿಲು ಹತ್ತುವವರ ಗಂಟುಮೂಟೆಯನ್ನು ಟಿಟಿಡಿಯವರೂ ಪುಕ್ಕಟೆಯಾಗಿ ಬೆಟ್ಟಕ್ಕೆ ಸಾಗಿಸುತ್ತಾರೆ.

ನಮಗೆ ನಕ್ಷೆ ಇರಲಿಲ್ಲ. ‘ಮದ್ರಾಸ್ ರೋಡು ಹಿಡಿ, ಚಿತ್ತೂರಲ್ಲಿ ಕೇಳು’ ಅನ್ನುವುದೇ ನಕ್ಷೆ. ಬೆಳಗಿನ ಜಾವ ನಾಲ್ಕಕ್ಕೆ ಹೊರಟು ಹತ್ತರ ತನಕ ನಡೆ, ಯಾವುದಾದರೂ ತೋಪಿನಲ್ಲಿ ಮಲಗು, ಬಿಸಿಲು ಇಳಿದ ಮೇಲೆ ಮತ್ತೆ ನಡೆ. ಬುತ್ತಿ ಮೊದಲ ದಿನ ಹುಳಿಯನ್ನ, ಆಮೇಲೆ ಹುರಿಹಿಟ್ಟು. ಮುಳಬಾಗಿಲಿನಲ್ಲಿ ನರಸಿಂಹ ತೀರ್ಥದಲ್ಲಿ ಮುಳುಗಿ ಆಂಜನೇಯನಿಗೆ ಕೈಮುಗಿದೇ ಮುಂದೆ ಹೋಗಬೇಕು ಅಂದರು ದೊಡ್ಡಪ್ಪ. ಹಳೆಯ ಮೈಸೂರು ಸೀಮೆಯಿಂದ ತಿರುಪತಿಗೆ ಹೋಗುವವರ ರೂಢಿ ಅದು. ಊರಿನ ಹೆಸರೇ ಮೂಡಣ ಬಾಗಿಲು. ನೀರು ಕೊರೆಯುತ್ತಿತ್ತು, ಎರಡೇ ಮುಳುಗು ಹಾಕಿ ಮೂರು ಅಂದೆ.

ಎರಡನೆಯ ದಿನವೇ ಕಾಲಲ್ಲಿ ಬೊಬ್ಬೆ. ದೊಡ್ಡಪ್ಪ ಸೂಜಿಗೆ ದಾರ ಪೋಣಿಸಿ, ಅರಿಶಿನ ಹಚ್ಚಿ, ಬೊಬ್ಬೆಯ ಈ ಕಡೆಯಿಂದ ಆ ಕಡೆಗೆ ಎಳೆದು, ಎರಡೂ ತುದಿಯಲ್ಲಿ ಒಂದಿಷ್ಟು ದಾರ ಬಿಟ್ಟು ಕತ್ತರಿಸುತ್ತಿದ್ದರು. ದಾರದಗುಂಟ ನೀರು ತಾನಾಗಿ ಇಳಿಯುತ್ತದೆ, ಚರ್ಮ ಕಿತ್ತು ಬರುವುದಿಲ್ಲ. ಟೈರು ಚಪ್ಪಲಿಯ ಮೇಲೆ ಇಣುಕುವ ಹಳದಿ ದಾರ ಎಣಿಸಿ ಯಾರಿಗೆ ಎಷ್ಟು ಬೊಬ್ಬೆ ಎಂದು ಲೆಕ್ಕ ಹಾಕುತ್ತಿದ್ದೆವು.

ಅದೇ ದಿನ, ಗಡಿಯ ನಂಗಲಿ ಇನ್ನೂ ಮುಂದಿತ್ತು, ಒಂದು ಹಳ್ಳಿಯ ಬಾವಿ ಹತ್ತಿರ ನೀರು ಕೇಳಿದೆವು. ಹೆಂಗಸು ತೆಲುಗಿನಲ್ಲಿ ಮೊದಲು ಯಾವೂರು ಅಂದಳು, ಆಮೇಲೆ ಯಾವ ಜನ ಅಂದಳು. ದೊಡ್ಡಪ್ಪ ಎಲ್ಲರದ್ದೂ ಹೇಳಿದರು, ಕಾಲೇಜಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳೆಯನದ್ದೂ. ಹೇಳುವ ಮೊದಲೇ ಅವನು ಬಾವಿಕಟ್ಟೆಯಿಂದ ಹತ್ತು ಮಾರು ಹಿಂದೆ ನಿಂತಿದ್ದ. ನಮಗೆ ಚೊಂಬು ಬಂತು. ಅವನಿಗೆ ಅವಳು ಬಿಂದಿಗೆ ಎತ್ತಿ ಹಿಡಿದು ಮೇಲಿನಿಂದ ನೀರು ಬಿಟ್ಟಳು, ಅವನು ಬಗ್ಗಿ ಬೊಗಸೆಯೊಡ್ಡಿ ಕುಡಿದ. ಮುಕ್ಕಾಲು ನೀರು ಮೊಣಕೈಯಿಂದ ಇಳಿದು ಅಂಗಿ ತೊಪ್ಪೆಯಾಯಿತು. ನಾವು ಆರು ಜನ ಸುಮ್ಮನೆ ನಿಂತಿದ್ದೆವು. ಆಮೇಲೂ ಯಾರೂ ಆ ಮಾತೆತ್ತಲಿಲ್ಲ. ನಂಗಲಿ ದಾಟಿದ ಮೇಲೆ ಬೋರ್ಡುಗಳು ತೆಲುಗಾದವು, ಬಾವಿಗಳು ಹಾಗೇ ಇದ್ದವು.

2024ರ ಡಿಸೆಂಬರಿನಲ್ಲಿ ತಮ್ಮನ ಮಗನ ಜೊತೆ ಮತ್ತೆ ಹೊರಟೆ. ಮದ್ರಾಸ್ ರೋಡು ಮುಳಬಾಗಿಲಿನ ತನಕ ಈಗ ರಾಷ್ಟ್ರೀಯ ಹೆದ್ದಾರಿ 75. ಅದರಲ್ಲಿ ನಡೆಯುವುದು ಕಿವಿಗೆ ಶಿಕ್ಷೆ. ಹುಡುಗ ಫೋನು ನೋಡಿ ಆವನಿ ಕಡೆಯ ಹಳ್ಳಿ ದಾರಿ ಹಿಡಿಸಿದ. ಕೊಯ್ದ ರಾಗಿ ಹೊಲ, ಟೊಮೇಟೊ ಗೂಟಗಳು, ನಡುವೆ ಬೇಸರ ಬರುವಷ್ಟು ನೀಲಗಿರಿ. ಆಮೇಲೆ ಒಮ್ಮೆಗೇ ಆವನಿಯ ಬಂಡೆಗಳು, ತುದಿಯಲ್ಲಿ ಸೀತಮ್ಮನ ಗುಡಿ, ಕೆಳಗೆ ನೊಳಂಬರ ಕಾಲದ ರಾಮಲಿಂಗೇಶ್ವರ. ಆಗ ಇಷ್ಟು ಹತ್ತಿರ ಹಾದು ಹೋಗಿದ್ದರೂ ಇದನ್ನು ನೋಡಿರಲಿಲ್ಲ. ದೊಡ್ಡಪ್ಪನಿಗೆ ದಾರಿ ಸವೆಸುವುದೇ ಮುಖ್ಯ, ಸುತ್ತು ಅಂದರೆ ಸಿಟ್ಟು. ಚೆಂದದ ದಾರಿ ಇದೇ, ಒಪ್ಪಿಕೊಳ್ಳುತ್ತೇನೆ.

ಹಿಂದೆ ಅಡ್ಡ ದಾಟುತ್ತಿದ್ದ ಕೆರೆ ಅಂಗಳಗಳಲ್ಲಿ ಈಗ ನೀರಿದೆ. ಬೆಂಗಳೂರಿನ ಚರಂಡಿ ನೀರನ್ನು ಎರಡು ಹಂತ ಶುದ್ಧ ಮಾಡಿ 2018ರಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಿಟ್ಟರು, ಅಲ್ಲಿಂದ ಕೆರೆಯಿಂದ ಕೆರೆಗೆ ಹರಿಯಿತು. ಅಂತರ್ಜಲಕ್ಕೆ ಆಯಿತು, ಬಾಯಿಗೆ ಆಗುವುದಿಲ್ಲ. ಕೊಳವೆ ಬಾವಿಯಲ್ಲಿ ಫ್ಲೋರೈಡು. ಹಾಗಾಗಿ ನಡೆಯುವವರೂ ಶುದ್ಧ ನೀರಿನ ಘಟಕ ಹುಡುಕಬೇಕು. ಹುಡುಗ ಐದು ರೂಪಾಯಿ ನಾಣ್ಯ ಹಾಕಿದ. ಇಪ್ಪತ್ತು ಲೀಟರು ಒಂದೇ ಸಮ ಸುರಿಯತೊಡಗಿತು. ನಮ್ಮ ಹತ್ತಿರ ಇದ್ದದ್ದು ಎರಡು ಬಾಟಲಿ. ನಿಲ್ಲಿಸಲು ಗುಂಡಿ ಹುಡುಕುತ್ತಿದ್ದಾಗ ಅಜ್ಜಿಯೊಬ್ಬಳು ಓಡಿ ಬಂದು ಕ್ಯಾನು ಇಟ್ಟು, ‘ಹಾಳ್ ಮಾಡ್ತೀರಲ್ರಯ್ಯಾ’ ಅಂದಳು. ಯಾವೂರು ಅಂತ ಕೇಳಿದಳು, ಹುಡುಗ ಕೋಲಾರ ಅಂದ. ಎರಡನೇ ಪ್ರಶ್ನೆ ಬರಲಿಲ್ಲ. ಮನೆಗೆ ಕರೆಯುವ ಹಾಗಿದ್ದರೆ ಬರುತ್ತಿತ್ತೇನೋ.

ಸಾವಿರಾರು ರೂಪಾಯಿಯ ಶೂ ಹಾಕಿದ್ದ ಹುಡುಗನಿಗೂ ಬೊಬ್ಬೆ ಬಂತು. ದಾರ ಎಳೆಯುತ್ತೇನೆ ಅಂದರೆ ಇನ್ಫೆಕ್ಷನ್ ಅಂದ, ಪ್ಲಾಸ್ಟರು ಹಚ್ಚಿಕೊಂಡ. ಸಾಯಂಕಾಲಕ್ಕೆ ಪ್ಲಾಸ್ಟರಿನ ಜೊತೆ ಚರ್ಮವೂ ಬಂತು.

ಹೊರಡುವ ಮೊದಲು ಗೆಳೆಯನಿಗೂ ಫೋನು ಮಾಡಿದ್ದೆ. ‘ಬಸ್ಸಲ್ಲಿ ಕರೆದರೆ ಬರ್ತೀನಿ ಕಣೋ, ನಡೆಯೋಕೆ ಕರೀಬೇಡ’ ಅಂದಿದ್ದ. ಮೂರನೆಯ ದಿನ ನಂಗಲಿಯಲ್ಲಿ ನನ್ನ ಮಂಡಿ ಮಡಚಲು ಬರಲಿಲ್ಲ. ಹುಡುಗ ಮುಂದೆ ಹೋದ. ಗೆಳೆಯ ಕೋಲಾರದಿಂದ ತಿರುಪತಿ ಬಸ್ಸು ಹತ್ತಿ, ಪಕ್ಕದ ಸೀಟಿಗೆ ಟವೆಲ್ ಹಾಕಿಕೊಂಡು ಬಂದ.

‘ಎಲ್ಲೀತನಕ ನಡೆದೆ?’

‘ಇಲ್ಲೀತನಕ.’

‘ಇಷ್ಟೇನಾ’ ಅಂದ. ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡ.